ಚಿತ್ರಕ್ಕೆ ಜೀವ ಕೊಟ್ಟ ವಾಲ್ಟ್ ಡಿಸ್ನಿ

ಕಾರ್ಟೂನ್ ಅಂದ್ರೆ ಈಗಿನ ಕಂಪ್ಯೂಟರಿನದೇ ಚೆಂದ, ಹಳೇದರಲ್ಲಿ ಏನಿದೆ ಅಂತ ನಮ್ಮ ತರಗತಿಯಲ್ಲಿ ಅರ್ಧ ಜನ ವಾದ ಮಾಡ್ತಾರೆ. ನಾನು ಇನ್ನರ್ಧದ ಕಡೆಯವನು. ಕೈಯಲ್ಲಿ ಬರೆದ ಕಾರ್ಟೂನೇ ನನಗೆ ಇಷ್ಟ. ಯಾಕೆ ಅಂತ ಬರೀ ಬಾಯಲ್ಲಿ ಹೇಳಿದರೆ ಯಾರೂ ಒಪ್ಪಲ್ಲ. ಅದಕ್ಕೇ ಆ ಕೆಲಸದಲ್ಲೇ ಆಯುಸ್ಸು ಕಳೆದ ವಾಲ್ಟ್ ಡಿಸ್ನಿಯವರ ಕಥೆ ಬರೆದಿದ್ದೇನೆ. ಪೂರ್ತಿ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ವಾಲ್ಟ್ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಅಮೆರಿಕದ ಶಿಕಾಗೋ ನಗರದಲ್ಲಿ. ತಂದೆ ಎಲಿಯಾಸ್, ತಾಯಿ ಫ್ಲೋರಾ. ಐದು ಜನ ಮಕ್ಕಳಲ್ಲಿ ಇವನು ನಾಲ್ಕನೆಯವನು. 1906ರಲ್ಲಿ ಮನೆಯವರೆಲ್ಲ ಮಾರ್ಸಲೀನ್ ಅನ್ನೋ ಸಣ್ಣ ಊರಿಗೆ ಹೋಗಿ ಬೇಸಾಯ ಶುರು ಮಾಡಿದರು. ಹಂದಿ, ಕೋಳಿ, ಕುದುರೆಗಳ ಜೊತೆ ಹುಡುಗ ಬೆಳೆದ. ಒಂದು ಸಲ ತಂಗಿ ರೂತ್ ಜೊತೆ ಸೇರಿ ಮನೆಯ ಬಿಳಿ ಗೋಡೆ ಮೇಲೆ ಟಾರಿನಲ್ಲಿ ಚಿತ್ರ ಬರೆದುಬಿಟ್ಟ. ಟಾರು ಒರೆಸಿದರೆ ಹೋಗುತ್ತದೆಯೇ? ಅಪ್ಪನಿಗೆ ಕೆಂಡದಂಥ ಕೋಪ ಬಂತು. (ನಮಗಾದರೆ ಗೋಡೆ ಪತ್ರಿಕೆಗೆ ಬರೀರಿ ಅಂತ ಮೇಷ್ಟ್ರೇ ಹೇಳ್ತಾರೆ!)

ಬೇಸಾಯ ಕೈ ಹತ್ತಲಿಲ್ಲ. ಜಮೀನು ಮಾರಿ ಕಾನ್ಸಾಸ್ ಸಿಟಿಗೆ ಬಂದರು. ಅಲ್ಲಿ ವಾಲ್ಟ್ ಮತ್ತು ಅಣ್ಣ ರಾಯ್ ಬೆಳಗಿನ ಜಾವ ಎದ್ದು, ಹಿಮ ಬಿದ್ದ ಬೀದಿಗಳಲ್ಲಿ ಪೇಪರ್ ಹಾಕಬೇಕಿತ್ತು. ವಾಲ್ಟ್ ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದ. ಶಾಲೆಯಲ್ಲಿ ತೂಕಡಿಸದೆ ಇನ್ನೇನು ಮಾಡ್ತಾನೆ ಪಾಪ.

ದೊಡ್ಡವನಾದ ಮೇಲೆ ಅದೇ ಊರಲ್ಲಿ ಜಾಹೀರಾತಿನ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಅಲ್ಲಿ ಅಬ್ ಐವರ್ಕ್ಸ್ ಎಂಬ ಗೆಳೆಯ ಸಿಕ್ಕಿದ. ಈ ಹೆಸರು ನೆನಪಿಡಿ. ವಾಲ್ಟ್ ಸಾರ್ವಜನಿಕ ಲೈಬ್ರರಿಯಿಂದ ಪುಸ್ತಕ ತಂದು ಚಿತ್ರ ಓಡಿಸುವ ವಿದ್ಯೆ ಕಲಿತರು. 1922ರಲ್ಲಿ ಸ್ವಂತ ಕಂಪನಿ ಕಟ್ಟಿದರು. ಮರುವರ್ಷವೇ ಅದು ದಿವಾಳಿ! ಸುಮಾರು 40 ಡಾಲರ್ ಜೇಬಿನಲ್ಲಿಟ್ಟುಕೊಂಡು ಹಾಲಿವುಡ್ಡಿಗೆ ರೈಲು ಹತ್ತಿ, ಅಣ್ಣ ರಾಯ್ ಜೊತೆ ಮತ್ತೆ ಮೊದಲಿನಿಂದ ಶುರು ಮಾಡಿದರು.

1927ರಲ್ಲಿ ಆಸ್ವಾಲ್ಡ್ ಎಂಬ ಮೊಲದ ಕಾರ್ಟೂನುಗಳು ಚೆನ್ನಾಗಿ ಓಡಿದವು. 1928ರಲ್ಲಿ ಇನ್ನಷ್ಟು ಹಣ ಕೇಳೋಣ ಅಂತ ವಾಲ್ಟ್ ನ್ಯೂಯಾರ್ಕಿಗೆ ಹೋದರೆ, ಮೊಲ ನಿಮ್ಮದಲ್ಲ ಅಂತ ಗೊತ್ತಾಯಿತು. ಕರಾರಿನ ಪ್ರಕಾರ ಹಕ್ಕು ಬೇರೆಯವರದು. ಸಾಲದ್ದಕ್ಕೆ ಅವರ ಬಹುಪಾಲು ಕಲಾವಿದರನ್ನೂ ಎದುರಿನವರು ಒಳಗೊಳಗೇ ಸೆಳೆದುಕೊಂಡಿದ್ದರು. ಹೋಗದೆ ಉಳಿದವರಲ್ಲಿ ಮುಖ್ಯನಾದವನು ಅಬ್ ಐವರ್ಕ್ಸ್. ಮೊಲ ಹೋದ ಜಾಗಕ್ಕೆ ಇಲಿ ಬಂತು. ಅದೇ ಮಿಕ್ಕಿ ಮೌಸ್. ಮಾತು ಸಂಗೀತದ ಜೊತೆ 1928ರ ನವೆಂಬರ್ 18ರಂದು ತೆರೆ ಕಂಡ ಸ್ಟೀಮ್‌ಬೋಟ್ ವಿಲ್ಲಿ ಚಿತ್ರದಿಂದ ಮಿಕ್ಕಿ ಮನೆಮಾತಾಯಿತು.

ಒಂದು ವಿಷಯ ಓದಿ ನನಗೇ ಆಶ್ಚರ್ಯವಾಯಿತು. ಮಿಕ್ಕಿಯ ಮೊದಲ ಚಿತ್ರಗಳನ್ನು ಹೆಚ್ಚಾಗಿ ಬರೆದದ್ದು ಐವರ್ಕ್ಸ್, ವಾಲ್ಟ್ ಅಲ್ಲ! ಅಷ್ಟು ಹೊತ್ತಿಗೆ ವಾಲ್ಟ್ ತಾವೇ ಚಿತ್ರ ಬರೆಯುವುದನ್ನು ಬಿಟ್ಟಿದ್ದರು. ಕಥೆ ಕಟ್ಟುವುದು, ನಟಿಸಿ ತೋರಿಸುವುದು, ಸರಿಯಿಲ್ಲದ್ದನ್ನು ಮತ್ತೆ ಮಾಡಿಸುವುದು ಅವರ ಕೆಲಸ. ಮಿಕ್ಕಿಯ ದನಿ ಮಾತ್ರ ಬಹಳ ವರ್ಷ ಅವರದೇ.

ಈಗ ಕೆಲಸ ಹೇಗೆ ನಡೀತಿತ್ತು ನೋಡಿ. ನೋಟ್ ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದು ಚಿತ್ರ ಬರೆದು, ಸರ್ರನೆ ಬಿಟ್ಟರೆ ಚೆಂಡು ಕುಣಿಯುತ್ತಲ್ಲ, ಅದೇ. ಆದರೆ ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮು ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮಿಗೆ ಬಳಸಿದರೂ ಒಂದು ನಿಮಿಷಕ್ಕೆ 720 ಚಿತ್ರ ಬೇಕು. ಒಬ್ಬರು ಪೆನ್ಸಿಲಿನಲ್ಲಿ ಬರೆದದ್ದನ್ನು ಇನ್ನೊಬ್ಬರು ತೆಳ್ಳನೆ ಪಾರದರ್ಶಕ ಹಾಳೆಗೆ ಇಂಕಿನಲ್ಲಿ ತಿದ್ದಿ, ಹಿಂಬದಿಗೆ ಬಣ್ಣ ಹಚ್ಚುತ್ತಿದ್ದರು. ಇಂಕು, ಬಣ್ಣದ ಕೆಲಸವೆಲ್ಲ ಹೆಚ್ಚಾಗಿ ಹೆಣ್ಣುಮಕ್ಕಳದು.

ಇದೇ ರೀತಿ 83 ನಿಮಿಷದ ಸಿನಿಮಾ ಮಾಡುತ್ತೇನೆ ಅಂತ ವಾಲ್ಟ್ ಹೊರಟಾಗ ಜನ ನಕ್ಕರು. ಅಷ್ಟು ಹೊತ್ತು ಕಾರ್ಟೂನ್ ಯಾರು ನೋಡ್ತಾರೆ ಅಂದರು. ವಾಲ್ಟ್ ಮನೆ ಅಡವಿಟ್ಟರು, ಬ್ಯಾಂಕಿನಲ್ಲಿ ಸಾಲ ಮಾಡಿದರು. ಖರ್ಚು ಸುಮಾರು 15 ಲಕ್ಷ ಡಾಲರಿಗೆ ಹೋಯಿತು. ಚಿತ್ರ ಸೋತಿದ್ದರೆ ಎಲ್ಲ ಮುಗಿದೇ ಹೋಗ್ತಿತ್ತು. 1937ರ ಡಿಸೆಂಬರ್ 21ರಂದು ಸ್ನೋ ವೈಟ್ ಮತ್ತು ಏಳು ಕುಳ್ಳರ ಕಥೆ ತೆರೆ ಕಂಡಿತು. ಸ್ನೋ ವೈಟ್ ಸತ್ತಳೆಂದು ಕುಳ್ಳರು ಅಳುವ ಜಾಗದಲ್ಲಿ ನೋಡುವವರೂ ಅತ್ತರು. ಯೋಚನೆ ಮಾಡಿ, ಅಲ್ಲಿ ಯಾವ ನಟನೂ ಇಲ್ಲ, ಬರೀ ಗೆರೆ, ಬಣ್ಣ. ಆ ಅಳುವ ಭಾಗ ಬರೆದವರು ಫ್ರಾಂಕ್ ಥಾಮಸ್. ದುಃಖದಲ್ಲಿ ಕುಳ್ಳರು ಹೆಚ್ಚು ಅಲುಗಾಡುವುದೇ ಇಲ್ಲ, ಕಣ್ಣೀರು ಮಾತ್ರ ಜಾರುತ್ತದೆ. ಅಲ್ಲಿ ನಟನೆ ಮಾಡಿದ್ದು ಪೆನ್ಸಿಲು ಹಿಡಿದ ಮನುಷ್ಯನೇ. ನಾನು ವಾದ ಮಾಡೋದು ಇದನ್ನೇ. ಈ ಚಿತ್ರಕ್ಕೆ ಕೊಟ್ಟ ವಿಶೇಷ ಆಸ್ಕರ್‌ನಲ್ಲಿ ಒಂದು ದೊಡ್ಡ ಬೊಂಬೆ, ಏಳು ಪುಟಾಣಿ ಬೊಂಬೆ ಇದ್ದವು!

ಎಲ್ಲ ಒಳ್ಳೆಯದನ್ನೇ ಬರೆದರೆ ಜೀವನ ಚರಿತ್ರೆ ಆಗಲ್ಲ. ಇಂಕು ತಿದ್ದಿ ಬಣ್ಣ ಹಚ್ಚಿದ ಹೆಣ್ಣುಮಕ್ಕಳ ಹೆಸರು ಸ್ನೋ ವೈಟ್ ಚಿತ್ರದ ಹೆಸರುಗಳ ಪಟ್ಟಿಯಲ್ಲಿ ಇಲ್ಲ. ಸಂಬಳದಲ್ಲಿ ಬಹಳ ಹೆಚ್ಚುಕಮ್ಮಿ ಇತ್ತು. 1941ರ ಮೇ ತಿಂಗಳಲ್ಲಿ ಕಲಾವಿದರು ಮುಷ್ಕರಕ್ಕೆ ಕೂತರು. ಸ್ನೋ ವೈಟ್‌ನ ದುಷ್ಟ ರಾಣಿಯನ್ನು ಬರೆದ ಆರ್ಟ್ ಬ್ಯಾಬಿಟ್ ಅವರನ್ನು ಸಂಘ ಕಟ್ಟಿದರೆಂದು ವಾಲ್ಟ್ ಕೆಲಸದಿಂದ ತೆಗೆದಿದ್ದರು. ಕೊನೆಗೆ ಕಂಪನಿ ಸಂಘವನ್ನು ಒಪ್ಪಬೇಕಾಯಿತು. ಎಷ್ಟೋ ಕಲಾವಿದರು ಬಿಟ್ಟು ಹೋದರು. ತಾನೇ ಬೆಳೆಸಿದವರು ತಿರುಗಿಬಿದ್ದರೆಂದು ವಾಲ್ಟ್‌ಗೆ ನೋವು. ಆದರೆ ನನಗೆ ಅನಿಸೋದು, ಲಕ್ಷಗಟ್ಟಲೆ ಹಾಳೆಗೆ ಬಣ್ಣ ಹಚ್ಚಿದವರ ಹೆಸರು ಹಾಕೋದಕ್ಕೆ ಏನು ಕಷ್ಟ?

ಹಾಗಂತ ವಾಲ್ಟ್ ಯಂತ್ರದ ವೈರಿಯಲ್ಲ. ಶಬ್ದ, ಬಣ್ಣ, ಏನು ಹೊಸದು ಬಂದರೂ ಬಳಸಿದರು. 1930ರಲ್ಲಿ ಬಿಟ್ಟು ಹೋಗಿದ್ದ ಐವರ್ಕ್ಸ್ 1940ರಲ್ಲಿ ಮರಳಿ ಬಂದು ಯಂತ್ರಗಳ ಕಡೆ ತಿರುಗಿದರು. ಪೆನ್ಸಿಲ್ ಚಿತ್ರವನ್ನು ನೇರವಾಗಿ ಜೆರಾಕ್ಸ್ ಮಾಡಿ ಪಾರದರ್ಶಕ ಹಾಳೆಗೆ ಇಳಿಸುವ ವಿಧಾನವನ್ನು ಅವರೇ ಸ್ಟುಡಿಯೋಕ್ಕೆ ಹೊಂದಿಸಿದರು. 1961ರಲ್ಲಿ ಬಂದ 101 ಚುಕ್ಕೆ ನಾಯಿಗಳ ಚಿತ್ರ ಹೀಗೇ ಆಯಿತು. ಮಿಕ್ಕಿಯನ್ನು ಬರೆದ ಕೈಯೇ ಇಂಕಿನ ಹೆಣ್ಣುಮಕ್ಕಳ ಕೆಲಸ ಕಸಿಯುವ ಯಂತ್ರ ತಂದಿತು ನೋಡಿ! ಗೆರೆ ಒರಟಾಗಿ ಕಾಣುತ್ತದೆ ಅಂತ ವಾಲ್ಟ್‌ಗೆ ಅದು ಹಿಡಿಸಲಿಲ್ಲ. ನನಗೆ ಮಾತ್ರ ಅದೇ ಇಷ್ಟ.

ಕಂಪ್ಯೂಟರಿನಲ್ಲೇ ಪೂರ್ತಿ ತಯಾರಾದ ಮೊದಲ ದೊಡ್ಡ ಚಿತ್ರ ಟಾಯ್ ಸ್ಟೋರಿ ಬಂದದ್ದು 1995ರಲ್ಲಿ. ನಮ್ಮ ಮೋಟು ಪತ್ಲು ಕೂಡ ಆ ಜಾತಿಯದೇ. ಅಲ್ಲಿ ಗೊಂಬೆಯನ್ನು ಒಂದು ಸಲ ಕಂಪ್ಯೂಟರಿನೊಳಗೆ ಕಟ್ಟಿ, ಆಮೇಲೆ ಕೈಕಾಲು ಆಡಿಸುತ್ತಾರೆ. ಅಂದರೆ ಅದು ನಮ್ಮ ಸೂತ್ರದ ಗೊಂಬೆಯಾಟದ ತಮ್ಮ. ಅದನ್ನು ಆಡಿಸೋದಕ್ಕೂ ಕಲೆ ಬೇಕು, ಇಲ್ಲ ಅನ್ನಲ್ಲ. ಆದರೆ ಕೈಚಿತ್ರದಲ್ಲಿ ಗೊಂಬೆ ಮೊದಲೇ ಇರೋದಿಲ್ಲ. ಪ್ರತಿ ಹಾಳೆಯಲ್ಲೂ ಹೊಸದಾಗಿ ಹುಟ್ಟಬೇಕು. ಹಾಗಾಗಿ ಗೆರೆ ಸ್ವಲ್ಪ ನಡುಗುತ್ತದೆ, ಮುಖ ಚೂರು ಹಿಗ್ಗುತ್ತದೆ, ಕುಗ್ಗುತ್ತದೆ. ಆ ನಡುಕವೇ ನನಗೆ ಉಸಿರಾಟದ ಹಾಗೆ ಕಾಣುತ್ತದೆ.

ಈ ವಿದ್ಯೆ ನಮ್ಮ ದೇಶಕ್ಕೂ ಬಂತು. ಸ್ನೋ ವೈಟ್ ತಂಡದಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ಇಲ್ಲಿನ ಕಲಾವಿದರಿಗೆ ಕಲಿಸಿದರು. ಜಾತಕ ಕಥೆಯ ಜಿಂಕೆಯ ಮೇಲೆ 1957ರಲ್ಲಿ ಅವರೆಲ್ಲ ಒಂದು ಕಾರ್ಟೂನ್ ಚಿತ್ರ ಮಾಡಿದರು.

ವಾಲ್ಟ್ ವಿಪರೀತ ಸಿಗರೇಟು ಸೇದುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರಿನಿಂದ 1966ರ ಡಿಸೆಂಬರ್ 15ರಂದು, 65 ತುಂಬಿ ಹತ್ತೇ ದಿನಕ್ಕೆ ತೀರಿಕೊಂಡರು. ಅವರು ಮುಂದೆ ನಿಂತು ಮಾಡಿಸುತ್ತಿದ್ದ ಜಂಗಲ್ ಬುಕ್ ತೆರೆ ಕಂಡಿದ್ದು 1967ರಲ್ಲಿ. ಯಾರಿಗಾದರೂ ಆ ಚಿತ್ರ ನೋಡಲು ಸಿಕ್ಕಿದರೆ, ಭಾಲೂ ಕರಡಿ ಮರಕ್ಕೆ ಬೆನ್ನು ಉಜ್ಜಿಕೊಳ್ಳುವ ಜಾಗದಲ್ಲಿ ಅದರ ಮೈಯ ಗೆರೆಗಳನ್ನು ಹತ್ತಿರದಿಂದ ನೋಡಿ. ಪೆನ್ಸಿಲಿನ ಒರಟು ಹಾಗೇ ಇದೆ.