ಐ. ಎಫ್. ಸ್ಟೋನ್: ನಾಲ್ಕು ಪುಟದ ಪತ್ರಿಕೆ

ಲ್ಯಾಬಿನಲ್ಲಿ ರೀಡಿಂಗ್ ಸರಿ ಬರದಿದ್ದರೆ ನಾವೇನು ಮಾಡ್ತೀವಿ? ನಿಜ ಹೇಳಬೇಕೂಂದ್ರೆ, ಪಕ್ಕದ ಬ್ಯಾಚಿನವರದ್ದು ಬರ್ಕೊಳ್ತೀವಿ. ಸುದ್ದಿಯ ವಿಷಯದಲ್ಲೂ ಇದೇ ಕಥೆ. ಎಲ್ಲ ಚಾನೆಲ್‌ಗಳೂ ಹೇಳಿದ್ದು ನಮ್ಮ ಅಭಿಪ್ರಾಯ ಆಗಿಬಿಡುತ್ತೆ. ಹಾಗೆ ಬರ್ಕೊಳ್ಳಲು ಒಪ್ಪದ ಒಬ್ಬ ಅಮೆರಿಕನ್ ಪತ್ರಕರ್ತ ಐ. ಎಫ್. ಸ್ಟೋನ್.

ಅವರು ಹುಟ್ಟಿದ್ದು 1907ರಲ್ಲಿ, ಫಿಲಡೆಲ್ಫಿಯಾದಲ್ಲಿ. ತಂದೆ ತಾಯಿ ರಷ್ಯಾದಿಂದ ವಲಸೆ ಬಂದ ಯಹೂದಿಗಳು. 14ನೇ ವಯಸ್ಸಿಗೇ ಸ್ವಂತ ಪತ್ರಿಕೆ ಶುರು ಮಾಡಿದರು. ಮೂರೇ ಸಂಚಿಕೆಗೆ ನಿಂತಿತು. ಕಾಲೇಜನ್ನು ಅರ್ಧಕ್ಕೇ ಬಿಟ್ಟು ಪತ್ರಿಕೆಗಳಲ್ಲಿ ಕೆಲಸ ಮಾಡಿದರು. 1952ರ ಕೊನೆಗೆ ಅವರು ಬರೆಯುತ್ತಿದ್ದ ನ್ಯೂಯಾರ್ಕಿನ 'ಡೈಲಿ ಕಂಪಾಸ್' ಮುಚ್ಚಿತು. ಅದು ಸೆನೆಟರ್ ಮೆಕಾರ್ಥಿಯ ಕಾಲ. ಎಡಪಂಥೀಯ ಅಂತ ಹೆಸರು ಬಿದ್ದವರಿಗೆ ಕೆಲಸ ಕೊಡೋರೇ ಇರಲಿಲ್ಲ.

1953ರ ಜನವರಿಯಲ್ಲಿ ಸ್ಟೋನ್ ತಮ್ಮದೇ ವಾರಪತ್ರಿಕೆ ತೆಗೆದರು. ನಾಲ್ಕೇ ಪುಟ, ವರ್ಷಕ್ಕೆ 5 ಡಾಲರ್ ಚಂದಾ, ಜಾಹೀರಾತು ಇಲ್ಲ. ವರದಿಗಾರ, ಸಂಪಾದಕ ಎಲ್ಲವೂ ಅವರೇ. ವ್ಯವಹಾರ ನೋಡಿಕೊಂಡವರು ಹೆಂಡತಿ ಎಸ್ತರ್. ಮೊದಲಿಗೆ ಇದ್ದದ್ದು ಸುಮಾರು 5,300 ಚಂದಾದಾರರು. ಐನ್‌ಸ್ಟೈನ್ ಕೂಡ ಚಂದಾದಾರರಾಗಿದ್ದರು.

ಸ್ಟೋನ್ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ದೊಡ್ಡವರ ಗುಟ್ಟು ತಿಳಿಸುವ ಗೆಳೆಯರೂ ಇರಲಿಲ್ಲ. ಹಾಗಾಗಿ ಅವರು ಓದಿದರು: ಸಂಸತ್ತಿನ ನಡಾವಳಿ, ಸಮಿತಿಗಳ ವಿಚಾರಣೆ, ಸರ್ಕಾರಿ ವರದಿ, ಜೊತೆಗೆ ದಿನಕ್ಕೆ ಹಲವು ಪತ್ರಿಕೆ. ಒಂದು ಇಲಾಖೆ ಮುಚ್ಚಿಟ್ಟದ್ದು ಇನ್ನೊಂದರ ಕಾಗದದಲ್ಲಿ ಸಿಗುತ್ತೆ ಅನ್ನೋದು ಅವರ ಅನುಭವ.

1957ರ ಸೆಪ್ಟೆಂಬರಿನಲ್ಲಿ ನೆವಾಡಾದಲ್ಲಿ ಅಮೆರಿಕ ಭೂಗತ ಅಣು ಪರೀಕ್ಷೆ ಮಾಡಿತು. ಟೊರೊಂಟೊ, ರೋಮ್, ಟೋಕಿಯೊಗಳಲ್ಲಿ ಕಂಪನ ದಾಖಲಾಯಿತು ಅನ್ನೋ ಪುಟ್ಟ ಸುದ್ದಿಗಳನ್ನು ಸ್ಟೋನ್ ಕತ್ತರಿಸಿ ಇಟ್ಟುಕೊಂಡರು. ಮರುವರ್ಷ ಅಣುಶಕ್ತಿ ಆಯೋಗದ ವರದಿ ಬಂತು: ಕಂಪನ ಸುಮಾರು 200 ಮೈಲಿ ಆಚೆಗೆ ಪತ್ತೆಯಾಗಿಲ್ಲ! ಇದು ಸಣ್ಣ ತಪ್ಪಲ್ಲ. ದೂರದಿಂದ ಪತ್ತೆ ಮಾಡಲು ಆಗಲ್ಲ ಅಂದರೆ, ರಷ್ಯಾ ಕದ್ದು ಪರೀಕ್ಷೆ ಮಾಡಿದರೂ ತಿಳಿಯಲ್ಲ. ಅಂದಮೇಲೆ ಪರೀಕ್ಷಾ ನಿಷೇಧ ಒಪ್ಪಂದವೇ ಬೇಡ ಅನ್ನೋರ ವಾದ ಗೆಲ್ಲುತ್ತೆ.

ಸ್ಟೋನ್ ನೇರವಾಗಿ ಭೂಕಂಪ ದಾಖಲಿಸುವ ಸರ್ಕಾರಿ ಸಂಸ್ಥೆಗೇ ಹೋದರು. ಅಲ್ಲಿನ ವಿಜ್ಞಾನಿಗಳು ಕಂಪನ ದಾಖಲಾದ ಕೇಂದ್ರಗಳ ಪಟ್ಟಿ ಕೊಟ್ಟರು. ಅದರಲ್ಲಿ 2,000 ಮೈಲಿಗೂ ಹೆಚ್ಚು ದೂರದ ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಇತ್ತು. ಆಯೋಗ ತನ್ನ ವರದಿ ತಿದ್ದಬೇಕಾಯಿತು. ಯಾವ ರಹಸ್ಯ ದಾಖಲೆಯೂ ಇಲ್ಲ. ಎರಡು ರೀಡಿಂಗ್ ಪಕ್ಕಪಕ್ಕ ಇಟ್ಟು ನೋಡಿದ್ದು, ಅಷ್ಟೇ.

ಸ್ಟೋನ್ ಕೂಡ ತಪ್ಪಿದ್ದುಂಟು. ಸೋವಿಯತ್ ಒಕ್ಕೂಟದ ಬಗ್ಗೆ ಬಹಳ ಕಾಲ ಮೃದುವಾಗಿದ್ದರು. 1956ರಲ್ಲಿ ಅಲ್ಲಿಗೆ ಹೋಗಿ ಬಂದು, ಕಂಡದ್ದನ್ನು ಕಟುವಾಗಿಯೇ ಬರೆದರು. ಅವರದೇ ಪಂಥದ ಓದುಗರು ಸಿಟ್ಟಾಗಿ ಚಂದಾ ಬಿಟ್ಟರು. ಸ್ಟೋನ್ ಬರೆದದ್ದನ್ನು ಹಿಂದಕ್ಕೆ ತಗೊಳ್ಳಲಿಲ್ಲ. ಅಧಿಕಾರದಲ್ಲಿ ಇರೋರನ್ನು ಪ್ರಶ್ನಿಸೋದಕ್ಕಿಂತ ನಮ್ಮ ಕಡೆಯವರನ್ನು ಪ್ರಶ್ನಿಸೋದು ಕಷ್ಟ ಅಲ್ವಾ?

1971ರಲ್ಲಿ ಹೃದಯದ ತೊಂದರೆಯಿಂದ ಪತ್ರಿಕೆ ನಿಲ್ಲಿಸುವಾಗ ಚಂದಾದಾರರು ಸುಮಾರು 70,000. ಆಮೇಲೆ ಪ್ರಾಚೀನ ಗ್ರೀಕ್ ಕಲಿತು, ಸಾಕ್ರಟೀಸನ ವಿಚಾರಣೆಯ ಬಗ್ಗೆ ಪುಸ್ತಕ ಬರೆದರು. 1989ರಲ್ಲಿ ತೀರಿಕೊಂಡರು.

ಅವರು ಕಚೇರಿ ಕಚೇರಿ ಅಲೆದು ತಂದಂಥ ಕಾಗದಗಳು, ನಮ್ಮ ಸಂಸತ್ತಿನ ಚರ್ಚೆ, ಸಿಎಜಿ ವರದಿ, ಇವತ್ತು ನಮ್ಮ ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ಮುಂದಿನ ಸಲ ಹಾಸ್ಟೆಲಿನಲ್ಲಿ ರಾಜಕೀಯದ ಜಗಳ ಎದ್ದಾಗ, ಮೊದಲು ಅದರಲ್ಲೊಂದನ್ನು ತೆರೆದು ನೋಡಿ.