ಅಭಯವ್ರತಿ ಮಹಾತ್ಮಾ ಗಾಂಧೀಜಿ

ಮಹಾಪುರುಷರ ನುಡಿಗೆ ಬೆಲೆ ಬರುವುದು ಅವರ ನಡೆಯಿಂದ. ಆ ನಡೆಯ ಕಡೆಯ ಪರೀಕ್ಷೆಯಾದರೋ ಮರಣದ ಮುಂದೆ ಆಗತಕ್ಕದ್ದು. ಅಂಥ ಪರೀಕ್ಷೆಯಲ್ಲಿ ಗೆದ್ದವರು ಮೋಹನದಾಸ ಕರಮಚಂದ ಗಾಂಧಿಯವರು.

1869ನೆಯ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದ ಅವರು ಲಂಡನ್ನಿನಲ್ಲಿ ಬ್ಯಾರಿಸ್ಟರರಾಗಿ, 1893ರಲ್ಲಿ ವಕೀಲಿಯ ನಿಮಿತ್ತ ದಕ್ಷಿಣ ಆಫ್ರಿಕಕ್ಕೆ ತೆರಳಿದರು. ಅಲ್ಲಿ ಮೈಬಣ್ಣದ ದೆಸೆಯಿಂದ ರೈಲುಗಾಡಿಯಿಂದ ಹೊರದೂಡಲ್ಪಟ್ಟುದೇ ಅವರ ಬಾಳಿನ ತಿರುವಾಯಿತು. ಅನ್ಯಾಯಕ್ಕೆ ತಲೆಬಾಗದೆ, ಅನ್ಯಾಯ ಮಾಡಿದವನನ್ನು ದ್ವೇಷಿಸದೆ, ಬಂದ ಕಷ್ಟವನ್ನು ತಾನೇ ಸಹಿಸುವ ಸತ್ಯಾಗ್ರಹವು 1906ರಲ್ಲಿ ಆ ನಾಡಿನಲ್ಲಿಯೇ ಮೊದಲಾಯಿತು.

1915ರಲ್ಲಿ ಸ್ವದೇಶಕ್ಕೆ ಮರಳಿ, 1917ರಲ್ಲಿ ಚಂಪಾರಣ್ಯದ ರೈತರ ಸಂಕಟಕ್ಕೆ ಒದಗಿದರು. 1922ರಲ್ಲಿ ಚೌರಿಚೌರಾದಲ್ಲಿ ಜನರು ಪೊಲೀಸರನ್ನು ಕೊಂದಾಗ, ದೇಶವ್ಯಾಪಿಯಾಗಿದ್ದ ಅಸಹಕಾರ ಚಳವಳವನ್ನೇ ನಿಲ್ಲಿಸಿದರು. ಹಿಂಸೆಯಿಂದ ಬರುವ ಸ್ವರಾಜ್ಯವು ಅವರಿಗೆ ಬೇಕಾಗಿರಲಿಲ್ಲ.

ಕನ್ನಡನಾಡಿನೊಡನೆ ಅವರ ನಂಟು ನಿಕಟವಾದುದು. ಅವರು ಕಾಂಗ್ರೆಸ್ಸಿನ ಅಧ್ಯಕ್ಷರಾದುದು ಒಂದೇ ಸಲ. ಅದು 1924ರ ಬೆಳಗಾವಿಯ ಅಧಿವೇಶನದಲ್ಲಿ. 1927ರಲ್ಲಿ ದೇಹವು ಬಳಲಿದಾಗ, ನಂದಗುಡಿಯ ಸೀಮೆಗೆ ದೂರವಲ್ಲದ ನಂದಿಬೆಟ್ಟದಲ್ಲಿ ಏಪ್ರಿಲ್‌ನಿಂದ ಜೂನ್ ಮೊದಲಿನವರೆಗೆ ತಂಗಿ ಚೇತರಿಸಿಕೊಂಡರು. 1936ರಲ್ಲಿಯೂ ಅಲ್ಲಿಗೆ ಬಂದರು. 1930ರ ದಂಡಿಯಾತ್ರೆಯಲ್ಲಿ ಅವರ ಸಂಗಡ ಹೊರಟವರಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಒಬ್ಬರು.

1947ರಲ್ಲಿ ಸ್ವಾತಂತ್ರ್ಯವು ದೇಶವಿಭಜನೆಯ ನೆತ್ತರಿನೊಡನೆ ಬಂದಿತು. ಆಗಸ್ಟ್ 15ರಂದು ಗಾಂಧೀಜಿಯವರು ದೆಹಲಿಯ ಉತ್ಸವದಲ್ಲಿರಲಿಲ್ಲ. ಕಲಕತ್ತೆಯಲ್ಲಿ ಹಿಂದೂ ಮುಸಲ್ಮಾನರ ನಡುವೆ ಶಾಂತಿಗಾಗಿ ಉಪವಾಸವಿದ್ದರು. 1948ರ ಜನವರಿ 13ರಿಂದ 18ರವರೆಗೆ ದೆಹಲಿಯಲ್ಲಿ ಅದಕ್ಕಾಗಿಯೇ ಅನ್ನವನ್ನು ಬಿಟ್ಟರು. 20ರಂದು ಪ್ರಾರ್ಥನಾಸ್ಥಳದ ಬಳಿ ಬಾಂಬು ಸಿಡಿಯಿತು. ಆದರೂ ಪ್ರಾರ್ಥನೆಗೆ ಬರುವವರನ್ನು ಶೋಧಿಸಲು ಅವರು ಒಪ್ಪಲಿಲ್ಲ. 30ರ ಸಂಜೆ ಬಿರ್ಲಾ ಭವನದಲ್ಲಿ ಪ್ರಾರ್ಥನೆಗೆ ನಡೆದುಹೋಗುತ್ತಿದ್ದಾಗ, ನಾಥೂರಾಮ ಗೋಡ್ಸೆಯು ಕೈಮುಗಿದು ಮುಂದೆ ಬಂದು ಮೂರು ಗುಂಡುಗಳನ್ನು ಹಾರಿಸಿದನು. ಎಪ್ಪತ್ತೆಂಟು ವರ್ಷದ ಆ ಕೃಶದೇಹವು ನೆಲಕ್ಕೊರಗಿತು.

ಹಂತಕನಿಗೆ ಮರಣದಂಡನೆ ವಿಧಿಸಲ್ಪಟ್ಟಾಗ, ಅವನ ಪ್ರಾಣವನ್ನು ಉಳಿಸಬೇಕೆಂದು ಬೇಡಿದವರಲ್ಲಿ ಗಾಂಧೀಜಿಯವರ ಮಕ್ಕಳಾದ ಮಣಿಲಾಲ, ರಾಮದಾಸರೂ ಇದ್ದರು. ಸರಕಾರವು ಒಪ್ಪದೆ 1949ರ ನವೆಂಬರ್ 15ರಂದು ಅವನನ್ನು ಗಲ್ಲಿಗೇರಿಸಿತು. ತಂದೆಯನ್ನು ಕೊಂದವನಲ್ಲಿಯೂ ವೈರವನ್ನು ಸಾಧಿಸದಿದ್ದ ಆ ಬೇಡಿಕೆಯಲ್ಲಿ ತಂದೆಯ ವ್ರತವೇ ಮುಂದುವರಿದಿತ್ತು.

ಅಮೆರಿಕದ ನೀಗ್ರೋ ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗರು ಈ ದಾರಿಯನ್ನೇ ಹಿಡಿದರು. ವಿಶ್ವಸಂಸ್ಥೆಯು 2007ರಲ್ಲಿ ಅಕ್ಟೋಬರ್ 2ನ್ನು ಅಹಿಂಸೆಯ ಅಂತಾರಾಷ್ಟ್ರೀಯ ದಿನವೆಂದು ಸಾರಿತು. ಆದರೆ ವರ್ಷಕ್ಕೊಂದು ದಿನದ ಸ್ಮರಣೆಯಿಂದ ಆ ಋಣವು ತೀರದು. ಭಯವಿದ್ದೆಡೆಯಲ್ಲಿ ಅಹಿಂಸೆಯು ನಿಲ್ಲದು. ನೆರೆಯವನಿಗೆ ಭಯವನ್ನುಂಟುಮಾಡದೆ, ತಾನೂ ಭಯಪಡದೆ ಬಾಳುವವನೇ ಈ ಮಹಾತ್ಮರ ಸ್ಮರಣೆಗೆ ಅಧಿಕಾರಿಯು.