ನೆಲಮಾಳಿಗೆಯಲ್ಲಿ ರೈಲು ಓಡಿಸಿದ ಜಾನ್ ಆಲನ್

ಆಟಿಕೆ ರೈಲು ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಗುಂಡಗಿನ ಹಳಿ ಮೇಲೆ ಸುತ್ತುತ್ತಲೇ ಇರೋ ಪ್ಲಾಸ್ಟಿಕ್ ಎಂಜಿನ್. ಐದು ನಿಮಿಷ ನೋಡಿದ್ರೆ ಬೇಜಾರು. ಅಮೆರಿಕದ ಜಾನ್ ಆಲನ್ ತಮ್ಮ ಬದುಕಿನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಕೊಟ್ಟದ್ದು ಈ ಬೇಜಾರನ್ನು ಹೋಗಲಾಡಿಸೋಕೆ ಅಂತ ನಾವು ಧೈರ್ಯವಾಗಿ ಹೇಳಬಹುದು. ಮಾಡೆಲ್ ರೈಲಿನ ಹುಚ್ಚು ಇರುವವರ ನಡುವೆ ಅವರದು ಇಂದಿಗೂ ದೊಡ್ಡ ಹೆಸರು.

ಆಲನ್ ಹುಟ್ಟಿದ್ದು 1913ರಲ್ಲಿ, ಮಿಸ್ಸೂರಿ ರಾಜ್ಯದ ಜಾಪ್ಲಿನ್ ಊರಲ್ಲಿ. ಚಿಕ್ಕವರಿದ್ದಾಗ ಬಂದ ರುಮ್ಯಾಟಿಕ್ ಜ್ವರ ಅವರ ಹೃದಯವನ್ನು ದುರ್ಬಲ ಮಾಡಿಬಿಟ್ಟಿತು. ಮುಂದೆ ಫೋಟೋಗ್ರಫಿ ಅವರ ಕಸುಬಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಮಾಂಟೆರೇ ಎಂಬ ಕಡಲತೀರದ ಊರಿನಲ್ಲಿ ನೆಲೆಸಿ, ಪುಟ್ಟದೊಂದು ರೈಲ್ವೆ ಕಟ್ಟೋಕೆ ಶುರುಮಾಡಿದರು. ಅದಕ್ಕಿಟ್ಟ ಹೆಸರು 'ಗೋರಿ ಅಂಡ್ ಡಿಫೀಟೆಡ್'. ನಮ್ಮ ಕನ್ನಡದ ಗೋರಿ ಅಲ್ಲ! ಇಂಗ್ಲಿಷಿನಲ್ಲಿ ರಕ್ತಸಿಕ್ತವಾಗಿ ಸೋತದ್ದು ಅನ್ನೋ ಅರ್ಥ. ಸ್ಪೆಲಿಂಗ್ ಮಾತ್ರ ಊರ ಹೆಸರುಗಳ ಥರ ಕಾಣುವಂತೆ ತಿರುಚಿದ್ದರು. ಮನುಷ್ಯ ತಮಾಷೆಯವರು. ಅವರ ಯಾರ್ಡಿನಲ್ಲಿ ವ್ಯಾಗನ್ ಎಳೆಯೋಕೆ ಎಮ್ಮಾ ಅನ್ನೋ ಡೈನೋಸಾರ್ ಕೂಡ ಇತ್ತು.

ಆ ಮೊದಲ ರೈಲ್ವೆ ಒಂದು ಮಂಚದಷ್ಟು ಜಾಗದ್ದು. 1950ರ ದಶಕದ ಮೊದಲ ಭಾಗದಲ್ಲಿ ಬೇರೆ ಮನೆ ಕೊಂಡು, ಅದರ ನೆಲಮಾಳಿಗೆಯಲ್ಲಿ ದೊಡ್ಡದನ್ನು ಕಟ್ಟತೊಡಗಿದರು. ಹಳೆಯದನ್ನು ಬಿಸಾಕಲಿಲ್ಲ, ಹೊಸದರೊಳಗೇ ಒಂದು ಭಾಗವಾಗಿ ಸೇರಿಸಿಕೊಂಡರು.

ಅಳತೆ ಎಚ್‌ಓ, ಅಂದ್ರೆ 1:87. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಕ್ಯಾಲ್ಕ್ಯುಲೇಟರ್ ತೆಗೆದು ನೋಡಿ: ಈ ಅಳತೆಯಲ್ಲಿ ಬರೀ ಒಂದು ಕಿಲೋಮೀಟರ್ ಹಳಿ ನೇರವಾಗಿ ಹಾಕೋಕೂ ಸುಮಾರು 11.5 ಮೀಟರ್ ಉದ್ದದ ಕೋಣೆ ಬೇಕು. ಬೆಟ್ಟದ ಸಾಲು, ಕಣಿವೆ, ಬಂದರು ಎಲ್ಲಾ ಬೇಕು ಅಂದ್ರೆ ಎಲ್ಲಿಗೆ ಹೋಗೋದು? ಆಲನ್ ಮೇಲಕ್ಕೆ ಹೋದರು. ನೆಲದಿಂದ ಚಾವಣಿವರೆಗೂ ಪ್ಲಾಸ್ಟರಿನ ಬೆಟ್ಟ, ಕಣಿವೆ ದಾಟೋಕೆ ಎತ್ತರದ ಸೇತುವೆಗಳು. ಹಿಂದಿನ ಸಾಲಿನ ಕಟ್ಟಡಗಳನ್ನು ಬೇಕಂತಲೇ ಇನ್ನೂ ಚಿಕ್ಕದಾಗಿ ಮಾಡಿ ದೂರದ ಭ್ರಮೆ ಹುಟ್ಟಿಸಿದರು. ಅಲ್ಲಲ್ಲಿ ಕನ್ನಡಿ ಅಡಗಿಸಿ ಜಾಗವನ್ನು ದುಪ್ಪಟ್ಟು ಕಾಣಿಸಿದರು.

ಆಗೆಲ್ಲ ಮಾಡೆಲ್ ಎಂಜಿನ್ ಅಂದ್ರೆ ಅಂಗಡಿಯ ಡಬ್ಬಿಯಿಂದ ಈಗಷ್ಟೇ ತೆಗೆದ ಹಾಗೆ ಥಳಥಳ ಹೊಳೀಬೇಕಿತ್ತು. ಆಲನ್ ಅದಕ್ಕೆ ಮಸಿ ಬಳಿದರು, ತುಕ್ಕು ಹಿಡಿಸಿದರು, ಗೋಡೆಗಳ ಬಣ್ಣ ಮಾಸಿಸಿದರು. ದುಡಿದ ವಸ್ತು ದುಡಿದ ಹಾಗೇ ಕಾಣಬೇಕು ಅನ್ನೋದು ಅವರ ಹಟ. ಈಗ ಇದು ಎಲ್ಲರೂ ಮಾಡೋ ಕೆಲಸ. ಆಗ ಇದನ್ನು ಮಾಡಿ ತೋರಿಸಿದ ಮೊದಲಿಗರಲ್ಲಿ ಅವರೊಬ್ಬರು.

ನಮಗೆ ಹೆಚ್ಚು ಹಿಡಿಸಿದ್ದು ಮಾತ್ರ ಬೆಟ್ಟವೂ ಅಲ್ಲ, ತುಕ್ಕೂ ಅಲ್ಲ. ಅವರ ರೈಲುಗಳಿಗೆ ಮಾಡೋಕೆ ಕೆಲಸ ಇತ್ತು. ಗೆಳೆಯರ ತಂಡ ಸೇರುತ್ತಿತ್ತು. ಒಬ್ಬರು ಡಿಸ್ಪ್ಯಾಚರ್, ಉಳಿದವರು ಡ್ರೈವರುಗಳು. ಯಾವ ವ್ಯಾಗನ್ ಯಾವ ಊರಿಗೆ ಹೋಗಬೇಕು, ಯಾವ ರೈಲು ಲೂಪಿನಲ್ಲಿ ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು ಎಲ್ಲಾ ನಿಜವಾದ ರೈಲ್ವೆಯ ಹಾಗೇ. ಸುಮ್ನೆ ಸುತ್ತೋ ಮಾತೇ ಇಲ್ಲ.

ಈ ಬುದ್ಧಿಗೆ ಪುಟ್ಟ ಸಾಕ್ಷಿ 'ಟೈಮ್‌ಸೇವರ್', ಅವರೇ ರೂಪಿಸಿದ ಶಂಟಿಂಗ್ ಒಗಟು. 1972ರಲ್ಲಿ 'ಮಾಡೆಲ್ ರೈಲ್‌ರೋಡರ್' ಪತ್ರಿಕೆಯಲ್ಲಿ ಬಂತು. ಒಂದು ಹಲಗೆ, ಐದು ಪಾಯಿಂಟ್ಸ್, ಒಂದು ಎಂಜಿನ್, ಕೆಲವೇ ವ್ಯಾಗನ್. ಪ್ರತಿ ವ್ಯಾಗನ್ನನ್ನೂ ಹೇಳಿದ ಜಾಗಕ್ಕೆ ಮುಟ್ಟಿಸಬೇಕು. ಸೈಡಿಂಗುಗಳು ಎಷ್ಟು ಗಿಡ್ಡ ಅಂದ್ರೆ, ಒಂದನ್ನು ಒಳಗೆ ತಳ್ಳಬೇಕಾದ್ರೆ ಇನ್ನೊಂದನ್ನು ಎಲ್ಲಿಡೋದು ಅನ್ನೋದೇ ತಲೆನೋವು. ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಗೊತ್ತಾಗಿರಬೇಕು, ಒಂದು ಕಡೆ ಮುಚ್ಚಿದ ಸೈಡಿಂಗ್ ಅಂದ್ರೆ ಪಕ್ಕಾ ಸ್ಟ್ಯಾಕ್: ಕೊನೆಗೆ ಒಳಹೋದ ವ್ಯಾಗನ್ನೇ ಮೊದಲು ಹೊರಬರಬೇಕು. ಎಂಜಿನ್ ಜೋರಾಗಿ ಓಡಿಸಿ ಪ್ರಯೋಜನ ಇಲ್ಲ, ನಡೆಗಳನ್ನು ಉಳಿಸಬೇಕು. ಹಾಸ್ಟೆಲ್ ಮೇಜಿನ ಮೇಲೆ ಕಾಗದದಲ್ಲಿ ಗೆರೆ ಎಳೆದು, ಬೆಂಕಿಪೊಟ್ಟಣಗಳನ್ನೇ ವ್ಯಾಗನ್ ಮಾಡ್ಕೊಂಡು ಆಡಬಹುದು.

ಕಸುಬಿನ ಫೋಟೋಗ್ರಫಿಯನ್ನೂ ಆಲನ್ ಇಲ್ಲಿಗೇ ತಂದರು. ಪುಟ್ಟ ಮಾಡೆಲ್ಲನ್ನು ಹತ್ತಿರದಿಂದ ತೆಗೆದರೆ ಮುಂದಿನದಷ್ಟೇ ಸ್ಪಷ್ಟ, ಹಿಂದಿನದೆಲ್ಲ ಮಸುಕು. ಆಗ ಅದು ಆಟಿಕೆ ಅಂತ ಗೊತ್ತಾಗಿಬಿಡುತ್ತೆ. ಅದಕ್ಕೆ ಅಪರ್ಚರ್ ತೀರಾ ಕಿರಿದು ಮಾಡಿ, ಬಹಳ ಹೊತ್ತು ಎಕ್ಸ್‌ಪೋಶರ್ ಕೊಟ್ಟು ತೆಗೆಯಬೇಕು. ಅವರ ಚಿತ್ರಗಳು ಪತ್ರಿಕೆಗಳಲ್ಲಿ, ಮಾಡೆಲ್ ರೈಲು ತಯಾರಿಸುತ್ತಿದ್ದ ವಾರ್ನಿ ಕಂಪನಿಯ ಜಾಹೀರಾತುಗಳಲ್ಲಿ ಬಂದವು. ಮಾಂಟೆರೇ ಕಡೆ ತಲೆ ಹಾಕದ ಸಾವಿರಾರು ಜನ ಆ ಬೆಟ್ಟಗಳನ್ನು ಕಂಡದ್ದು ಹೀಗೆ.

1973ರ ಜನವರಿ 6ರಂದು ಹೃದಯಾಘಾತದಿಂದ ಆಲನ್ ತೀರಿಕೊಂಡರು. ವಯಸ್ಸು ಇನ್ನೂ 59. ರೈಲ್ವೆಯ ಕೆಲಸ ಹೆಚ್ಚುಕಮ್ಮಿ ಮುಗಿಯುತ್ತಾ ಬಂದಿತ್ತು. ಹತ್ತೇ ದಿನಕ್ಕೆ ಆ ಮನೆಗೆ ಬೆಂಕಿ ಬಿತ್ತು. ಇಪ್ಪತ್ತು ವರ್ಷದ ಬೆಟ್ಟ, ಸೇತುವೆ, ಊರುಗಳು ಬಹುಪಾಲು ಸುಟ್ಟುಹೋದವು. ಮಂಚದಷ್ಟು ಜಾಗದ ಆ ಮೊದಲ ರೈಲ್ವೆಯೂ ಅದರೊಳಗೇ ಇತ್ತು.

ಮುಂದೆ 1981ರಲ್ಲಿ, ಲಿನ್ ವೆಸ್ಟ್‌ಕಾಟ್ ಬರೆದ ಪುಸ್ತಕವೊಂದು ಆಲನ್ ತೆಗೆದ ಚಿತ್ರಗಳ ಸಮೇತ ಹೊರಬಂತು. ಇವತ್ತು ಆ ರೈಲ್ವೆಯನ್ನು ತಮ್ಮ ಮನೆಯಲ್ಲಿ ಮತ್ತೆ ಕಟ್ಟಲು ಹೊರಡುವವರು ಹಳಿಯ ತಿರುವು, ಸೇತುವೆಯ ಕಂಬ ಎಲ್ಲವನ್ನೂ ಅಳೆಯೋದು ಆ ಚಿತ್ರಗಳಿಂದಲೇ.